ಗಿಡುಗನ ಕೀಲು

೮ ಡಿಸೆಂಬರ್ ೨೦೨೪, ಭಾನುವಾರ

ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಮೈಕ್‌ಸೆಟ್ಟಿನ ಅಂಗಡಿಯ ಚೀಟಿಗಳು ಮಾತ್ರ: ಇಂಥವರ ಮದುವೆಗೆ ಇಷ್ಟು ಸ್ಪೀಕರು, ಇಷ್ಟು ಕುರ್ಚಿ. ಇವತ್ತು ಮಗಳು ಮದುವೆಗೆ ಮುಂಚೆ ಅರ್ಧ ಬರೆದು ಬಿಟ್ಟುಹೋದ ನೋಟ್‌ಬುಕ್ ತೆಗೆದುಕೊಂಡು ಕೂತಿದ್ದೇನೆ. ಮನಸ್ಸಿನ ಮಾತು ಬರೆಯಬೇಕೆಂಬ ಆಸೆಯೇನಿಲ್ಲ. ನನ್ನ ಅಕ್ಷರವನ್ನು ನಾನು ನೋಡಬೇಕಾಗಿದೆ. ದಿನಾ ನಾಲ್ಕು ಸಾಲು ಬರೆದರೆ ಕೈ ಎಷ್ಟು ನಡುಗುತ್ತಿದೆ ಎಂಬುದು ಹಾಳೆಯ ಮೇಲೆ ಕಾಣುತ್ತದೆ.

ಅಪ್ಪನಿಗೂ ಹೆಚ್ಚೂಕಡಿಮೆ ಇದೇ ವಯಸ್ಸಿನಲ್ಲಿ ಶುರುವಾಗಿತ್ತು. ನನ್ನಪ್ಪ ಗಿಡ್ಡಪ್ಪನ ಬಂಡಿ ಎಂದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಎತ್ತು ಬೆದರಿದಾಗ ಎರಡೂ ಹಗ್ಗವನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸುತ್ತಿದ್ದ ಮನುಷ್ಯ, ಕೊನೆಗೆ ಅಂಬಲಿಯ ಬಟ್ಟಲನ್ನು ತುಟಿಯವರೆಗೆ ತರಲಾರದೆ ಎದೆಯ ಮೇಲೆ ಚೆಲ್ಲಿಕೊಳ್ಳುತ್ತಿದ್ದ. ಬೀಗರ ಮನೆಗೆ ಹೋಗುವುದು ಬಿಟ್ಟ. ಮದುವೆಯ ಪಂಕ್ತಿಯಲ್ಲಿ ಕೂಡುವುದು ಬಿಟ್ಟ. ಮನೆಯಲ್ಲಿಯೂ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ಆ ಬೆನ್ನು ನನಗೆ ಇವತ್ತಿಗೂ ಕಾಣುತ್ತದೆ.

ನನಗೆ ಅನುಮಾನ ಬಂದದ್ದು ಗಿಡುಗನಿಂದ. ಗಿಡುಗ ಎಂದರೆ ಜೀವ ಇರುವುದಲ್ಲ, ಥರ್ಮಾಕೋಲಿನ ವಿಮಾನ. ಕಂದು ಬಣ್ಣ ಬಳಿದು, ಎದೆಗೆ ಬಿಳಿ ಚುಕ್ಕೆ ಇಟ್ಟು ನಾನೇ ಅದನ್ನು ಗಿಡುಗ ಮಾಡಿದ್ದೇನೆ. ಮಸ್ಕಿಯ ಎರೆಹೊಲಗಳಲ್ಲಿ ಜೋಳಕ್ಕೆ ಹಾಲು ತುಂಬಿದಾಗ ಗುಬ್ಬಿ, ಗಿಳಿ, ಬೆಳವ ಹಿಂಡುಗಟ್ಟಿ ಬೀಳುತ್ತವೆ. ಆಗ ಮುಂಜಾನೆ ಸಂಜೆ ಇದನ್ನು ಹೊಲದ ಮೇಲೆ ಸುತ್ತಿಸುತ್ತೇನೆ. ಹಕ್ಕಿಗಳು ನಿಜವಾದ ಗಿಡುಗ ಬಂತೆಂದು ಹಾರಿಹೋಗುತ್ತವೆ. ಹೊಲದವರು ಸುಗ್ಗಿಯಲ್ಲಿ ಕಾಳು ಕೊಡುತ್ತಾರೆ. ಅಂಗಡಿ ಹೊಟ್ಟೆಗೆ, ಗಿಡುಗ ಮನಸ್ಸಿಗೆ.

ರಿಮೋಟಿನಲ್ಲಿ ಎರಡು ಕಡ್ಡಿ. ಹೆಬ್ಬೆರಳಿನಿಂದ ಕಡ್ಡಿ ಅಲುಗಿಸಿದರೆ ಗಿಡುಗನ ಹೊಟ್ಟೆಯೊಳಗೆ ಬೆಂಕಿಪೊಟ್ಟಣಕ್ಕಿಂತ ಸಣ್ಣ ಮೋಟರು ತಿರುಗುತ್ತದೆ. ಮೋಟರಿನ ತೋಳು ಒಂದು ಉಕ್ಕಿನ ತಂತಿಯನ್ನು ತಳ್ಳುತ್ತದೆ. ತಂತಿ ಬಾಲದ ಪಟ್ಟಿಯನ್ನು ಎತ್ತುತ್ತದೆ, ಇಳಿಸುತ್ತದೆ. ನನ್ನ ಬೆರಳು ಹೇಗೋ ಗಿಡುಗನ ಬಾಲ ಹಾಗೆ. ಈಚೆಗೆ ಅದು ನೆಟ್ಟಗೆ ಹಾರುತ್ತಿಲ್ಲ. ಮೂಗು ಎತ್ತುತ್ತದೆ, ತಗ್ಗಿಸುತ್ತದೆ, ಬಾಲ ಥರಥರ ಅನ್ನುತ್ತದೆ. ಬಾಲ ನಡುಗುತ್ತಿದೆ ಎಂದರೆ ಬೆರಳು ನಡುಗುತ್ತಿದೆ. ಇದರಲ್ಲಿ ಲೆಕ್ಕ ಹಾಕುವುದೇನಿದೆ?

ಹೆಂಡತಿ ಕರೆಮ್ಮನಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಮೇಲಿನ ಸಾಲುಗಳನ್ನು ಒಮ್ಮೆ ನೋಡಿದೆ. ‘ಳ’ ಬಂದಲ್ಲೆಲ್ಲ ಸುರುಳಿ ಅಲುಗಿದೆ.

೧೦ ಡಿಸೆಂಬರ್, ಮಂಗಳವಾರ

ಹೊಲಕ್ಕೆ ಹೋಗುವ ಮುಂಚೆ ಅಂಗೈ ಚಾಚಿ ಅದರ ಮೇಲೆ ಒಂದು ಹಾಳೆ ಇಟ್ಟು ನೋಡಿದೆ. ಹಾಳೆಯ ಅಂಚು ನಡುಗಿತು. ಫ್ಯಾನ್ ಆರಿಸಿ ಮತ್ತೆ ನೋಡಿದೆ. ಆಗಲೂ ನಡುಗಿತು.

ಗಿಡುಗನ ಸೇವೆಯಲ್ಲಿ ನಾನೇನೂ ಕಡಿಮೆ ಮಾಡಿಲ್ಲ. ಅಪ್ಪ ಕೀಲೆಣ್ಣೆ ಹಾಕದೆ ಎಂದೂ ಬಂಡಿ ಹೂಡಿದವನಲ್ಲ. ಎಣ್ಣೆ ತುಂಬಿದ ಕೊಂಬು ಬಂಡಿಯ ಕೆಳಗೆ ಯಾವಾಗಲೂ ತೂಗಾಡುತ್ತಿತ್ತು. ನಾನೂ ಹಾಗೆಯೇ. ಹೊಲದ ಬದುವಿನ ಮೇಲೆ ಗಿಡುಗನನ್ನು ಮಗ್ಗುಲಾಗಿ ಮಲಗಿಸಿ, ತಂತಿ ಕೂಡುವ ಕೀಲುಗಳಿಗೆಲ್ಲ ಒಂದೊಂದು ತೊಟ್ಟು ಹರಳೆಣ್ಣೆ ಬಿಡುತ್ತೇನೆ. ಬಾಲ ನಡುಗಲು ಶುರುವಾದ ಮೇಲೆ ಎರಡೆರಡು ತೊಟ್ಟು. ಕೀಲು ನುಣ್ಣಗಿದ್ದಷ್ಟೂ ನನ್ನ ಬೆರಳಿನ ತಪ್ಪು ಕಡಿಮೆ ಕಾಣಬಹುದು.

ಈ ಸಲ ಮೊದಲು ತನ್ನ ಹೊಲಕ್ಕೆ ಕರೆದವನು ಯಂಕೋಬಣ್ಣ. ನನಗಿಂತ ಹತ್ತಾರು ವರ್ಷ ದೊಡ್ಡವನು, ಬಾಯಿ ಇನ್ನೂ ದೊಡ್ಡದು. ಬದುವಿನ ಮೇಲೆ ಕೂತು ಬೀಡಿ ಸೇದುತ್ತಾ ನೋಡುತ್ತಿದ್ದ.

“ಲೇ ಯಮನೂರಾ, ನಿನ್ನ ಗಿಡಗ ಸೆರೆ ಕುಡದು ಬಂದೈತೇನಲೇ? ತೂರ್ಯಾಡಾಕತ್ತೈತಿ!”

“ಗಾಳಿ ಐತಣ್ಣ.”

“ಗಾಳಿ? ನನ್ನ ಬೀಡಿ ಹೊಗಿ ನೆಟ್ಟಗ ಮ್ಯಾಲೆ ಹೊಂಟೈತಿ ನೋಡು. ಎಲ್ಲೈತಲೇ ಗಾಳಿ?”

“ಮ್ಯಾಲಿನ ಗಾಳಿ ಬ್ಯಾರೆ ಇರತೈತಿ.”

“ಹೌದಪಾ ಹೌದು. ಮ್ಯಾಲಿನ ಸುದ್ದಿ ನಿನಗ ಗೊತ್ತು, ಕೆಳಗಿನ ಜ್ವಾಳ ನನಗ ಗೊತ್ತು.”

ನಕ್ಕೆ. ರಿಮೋಟನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ, ಅವನಿಗೆ ಬೆರಳು ಕಾಣಬಾರದೆಂದು.

೧೪ ಡಿಸೆಂಬರ್, ಶನಿವಾರ

ಗಡ್ಡ ನಾನೇ ಮಾಡಿಕೊಳ್ಳುವುದನ್ನು ನಿಲ್ಲಿಸಿ ಅಂಗಡಿಗೆ ಹೋಗಿ ಮಾಡಿಸಿಕೊಂಡೆ. ಆಂಪ್ಲಿಫೈರಿನ ಬೆಸುಗೆ ಕೆಲಸ ಎರಡು ಬಂದಿದ್ದವು. ಬೆಸುಗೆಯ ರಾಡು ಕೆಟ್ಟಿದೆ ಎಂದು ಸುಳ್ಳು ಹೇಳಿ ವಾಪಸ್ ಕಳಿಸಿದೆ. ರಾಡು ಅಲ್ಲೇ ಮೇಜಿನ ಮೇಲೆ ನನ್ನನ್ನೇ ನೋಡುತ್ತಾ ಬಿದ್ದಿತ್ತು.

ಕರೆಮ್ಮ ಚಹಾ ತಂದಳು.

“ಅರ್ಧಾನ ಹಾಕು” ಅಂದೆ.

“ಯಾಕ?”

“ಚಾ ಕಮ್ಮಿ ಮಾಡಿದ್ರ ಚಲೋ ಅಂತ.”

“ಯಾರಂದ್ರು?”

“ಮೊಬೈಲ್‌ನ್ಯಾಗ ಬಂದಿತ್ತು.”

“ಹೆಂಡ್ತಿ ಕೂಡ ನಾಕು ಮಾತಾಡ್ರಿ ಅಂತ ಮೊಬೈಲ್‌ನ್ಯಾಗ ಬಂದಿಲ್ಲೇನು?”

ಅರ್ಧ ಲೋಟ ಚಹಾ ತುಳುಕುವುದಿಲ್ಲ, ಅಷ್ಟೇ ಕಾರಣ. ಅವಳು ಒಳಗೆ ಹೋದ ಮೇಲೆ ಕುಡಿದೆ.

೧೯ ಡಿಸೆಂಬರ್, ಗುರುವಾರ

ಬಾಲದ ನಡುಕ ಹೆಚ್ಚಾಗಿದೆ. ಎಣ್ಣೆ ಮುಂಜಾನೆಯೂ ಬಿಟ್ಟೆ, ಸಂಜೆಯೂ ಬಿಟ್ಟೆ. ಅಕ್ಷರ ನೋಡಿಕೊಳ್ಳಲು ಧೈರ್ಯವಾಗಲಿಲ್ಲ.

೩೦ ಡಿಸೆಂಬರ್, ಸೋಮವಾರ, ಎಳ್ಳಮಾಸಿ

ಬರೆಯಬಾರದೆಂದು ಇದ್ದೆ. ಬರೆದರೆ ಎದೆ ಸ್ವಲ್ಪ ಹಗುರಾಗಬಹುದು.

ಎಳ್ಳು ಅಮಾವಾಸ್ಯೆಯ ಊಟಕ್ಕೆ ಯಂಕೋಬಣ್ಣನ ಹೊಲಕ್ಕೆ ನಮ್ಮಿಬ್ಬರನ್ನೂ ಕರೆದಿದ್ದರು. ಹೆಂಗಸರು ಬುಟ್ಟಿ ಹೊತ್ತು ಬಂದಿದ್ದರು. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹೋಳಿಗೆ, ಪುಂಡಿಪಲ್ಲೆ, ಕಡುಬು. ಪೂಜೆಯಾಯಿತು. ಹೊಲದ ಸುತ್ತ ಕೂಗುತ್ತಾ ಹೋಗಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಬಂದರು. ಇನ್ನೇನು ಉಣ್ಣಲು ಕೂಡಬೇಕು, ಅಷ್ಟರಲ್ಲಿ ಗಿಳಿಯ ಹಿಂಡೊಂದು ಬಂದು ತೆನೆಯ ಮೇಲೆ ಇಳಿಯಿತು. ಎಲ್ಲರೂ ನನ್ನ ಕಡೆ ನೋಡಿದರು.

“ಬಿಡಲೇ ನಿನ್ನ ಗಿಡಗ! ನಮ್ಮ ಬೀಗರೂ ನೋಡ್ಲಿ” ಅಂದ ಯಂಕೋಬಣ್ಣ.

ಬಿಟ್ಟೆ. ಏರುವಾಗ ಚೆನ್ನಾಗಿಯೇ ಏರಿತು. ಗಿಳಿಗಳ ಮೇಲೆ ಎರಗಿಸಲು ಮೂಗು ತಗ್ಗಿಸಿದೆ. ವೇಗ ಹೆಚ್ಚಾದ ಕೂಡಲೇ ಬಾಲ ಕಣ್ಣಿಗೆ ಕಾಣದಷ್ಟು ಜೋರಾಗಿ ಅದುರಿತು. ಟರ್ ಎಂಬ ಶಬ್ದ ಬದುವಿನವರೆಗೆ ಕೇಳಿಸಿತು. ಕಡ್ಡಿ ಎಳೆದೆ. ಒಮ್ಮೆ ಎದ್ದಿತು, ಒಮ್ಮೆ ಬಿದ್ದಿತು, ಆಮೇಲೆ ಸೀದಾ ಹೋಗಿ ಜೋಳದ ನಡುವೆ ಮೂಗೂರಿತು. ಗಿಳಿಗಳೇನೋ ಹಾರಿಹೋದವು. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಗಿಡಗಕ್ಕೂ ಹಸಿವಾಗಿತ್ತು ಕಾಣಸ್ತೈತಿ, ನಮಗಿಂತ ಮೊದಲ ಉಣ್ಣಾಕ ಕುಂತೈತಿ!” ಯಂಕೋಬಣ್ಣನ ಈ ಮಾತಿಗೆ ಬೀಗರು ಮತ್ತೊಮ್ಮೆ ನಕ್ಕರು.

ಮೂಗು ಮುರಿದಿತ್ತು. ಚೀಲದಲ್ಲಿ ಕಟ್ಟಿಟ್ಟೆ. ಊಟಕ್ಕೆ ಕರೆದರು. ಎಲ್ಲರೂ ಕೂತ ನೆರಳು ಬಿಟ್ಟು ಜೋಳದ ಕಡೆ ಮುಖ ಮಾಡಿ ಕೂತೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕರೆಮ್ಮ ತನ್ನ ತಾಟು ಹಿಡಿದುಕೊಂಡು ಬಂದು ನನ್ನ ಎದುರಿಗೆ, ಜೋಳಕ್ಕೆ ಬೆನ್ನು ಕೊಟ್ಟು ಕೂತಳು.

“ಅಲ್ಲಿ ಹೆಂಗಸರ ಕೂಡ ಕೂಡಬಾರದೇನು?” ಅಂದೆ.

“ನನಗೂ ನೆಳ್ಳು ಸಾಕಾಗೈತಿ” ಅಂದಳು. ರೊಟ್ಟಿ ಮುರಿದು ಮುರಿದು ನನ್ನ ತಾಟಿನಲ್ಲಿ ಹಾಕುತ್ತಿದ್ದಳು.

೩೧ ಡಿಸೆಂಬರ್, ಮಂಗಳವಾರ

ಮೂಗು ಅಂಟಿಸಿದೆ. ಬೇರೆ ಏನಿಲ್ಲ.

೩ ಜನವರಿ ೨೦೨೫, ಶುಕ್ರವಾರ

ಗಿಡುಗನನ್ನು ವೀರೇಶನಿಗೆ ಕೊಟ್ಟುಬಿಡುವುದೆಂದು ನಿಶ್ಚಯ ಮಾಡಿದೆ. ಸಿಂಧನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನನಗೆ ಹಾರಿಸಲು ಕಲಿಸಿದವನೂ ಅವನೇ. ಅವನ ಬೆರಳು ಗಟ್ಟಿ ಇವೆ. ಗೊರೇಬಾಳದ ಕಡೆ ಭತ್ತದ ಗದ್ದೆಯವರಿಗೂ ಉಪಯೋಗವಾದೀತು. ಭಾನುವಾರ ಬರುತ್ತೇನೆಂದು ಫೋನ್ ಮಾಡಿದೆ.

ನನಗೆ ಬೇಸರವಾಗಿದೆ, ಅದಕ್ಕೇ ಕೊಡುತ್ತಿದ್ದೇನೆ ಎಂದು ಕರೆಮ್ಮನಿಗೆ ಹೇಳಿದೆ.

“ನಾನೂ ಬರ್ತೀನಿ. ಸಿಂಧನೂರಾಗ ನನಗ ಕೆಲಸ ಐತಿ.”

“ಏನ್ ಕೆಲಸ?”

“ಹೋದಮ್ಯಾಲೆ ನೋಡ್ತೀನಿ ಏನ್ ಕೆಲಸ ಅಂತ.”

ಗಿಡುಗನನ್ನು ಯಾವಾಗಲೂ ಅಕ್ಕಿ ಚೀಲದಲ್ಲಿ ಹಾಕಿ ಬೈಕಿನ ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿಯುತ್ತೇನೆ. ಅವಳು ಬಂದರೆ ಎಲ್ಲಿಡುವುದು? ಬೇಡ ಅನ್ನಲು ಬಾಯಿ ಬರಲಿಲ್ಲ. ಮಗ್ಗುಲಲ್ಲಿ ಒಬ್ಬರಿದ್ದರೆ ಒಳ್ಳೆಯದು ಅನ್ನಿಸಿತು.

೫ ಜನವರಿ, ಭಾನುವಾರ

ಎಲ್ಲಿಂದ ಶುರು ಮಾಡಲಿ? ಹಳ್ಳಿಯಲ್ಲಿ ಕಥೆ ಹೇಳುವವರು ಮೊದಲು ಊರು ಹೇಳುತ್ತಾರೆ, ಆಮೇಲೆ ಮನುಷ್ಯ, ಆಮೇಲೆ ಅವನಿಗೆ ಬಂದ ಗಂಡಾಂತರ. ಗಂಡಾಂತರವನ್ನು ಹಿಂದಿನ ಹಾಳೆಗಳಲ್ಲಿ ಬರೆದು ಮುಗಿಸಿದ್ದೇನೆ. ಹಾಗಾಗಿ ರಸ್ತೆಯಿಂದಲೇ ಶುರು ಮಾಡುತ್ತೇನೆ.

ಕರೆಮ್ಮ ಗಿಡುಗನನ್ನು ಚೀಲದಲ್ಲಿ ಹಾಕಲು ಬಿಡಲಿಲ್ಲ. “ಆ ಚೀಲದ ಧೂಳ ಎಲ್ಲಾ ನನ್ನ ಮಾರಿಗೆ ಬಡೀತೈತಿ” ಅಂದಳು. ರೆಕ್ಕೆ ಬಿಚ್ಚಿ ಕೈಚೀಲಕ್ಕೆ ಹಾಕಿ, ಮೈಯನ್ನು ಮಾತ್ರ ಕಂಕುಳಲ್ಲಿ ಕೂಸಿನ ಹಾಗೆ ಅವುಚಿಕೊಂಡು, ಬಾಲ ಹೊರಗೆ ಬಿಟ್ಟು ಕೂತಳು. ರಿಮೋಟು, ಬ್ಯಾಟರಿ ಎರಡೂ ಕೈಚೀಲದಲ್ಲಿದ್ದವು. ಗಾಡಿ ಬಿಟ್ಟೆ. ಮಸ್ಕಿ ದಾಟಿ, ಜೋಳದ ಹೊಲ ಮುಗಿದು, ಕಾಲುವೆಯ ಹಸಿರು ಶುರುವಾಯಿತು. ರಸ್ತೆ ಚೆನ್ನಾಗಿತ್ತು, ಸ್ವಲ್ಪ ಜೋರಾಗಿ ಬಿಟ್ಟೆ. ಗೊರೇಬಾಳದ ಹತ್ತಿರ ಅವಳು ನನ್ನ ಬೆನ್ನಿಗೆ ತಿವಿದಳು.

“ಇದು ಒದರಾಕತ್ತೈತಿ.”

“ಏನು?”

“ಇದರ ಬಾಲರಿ. ಟರ್ ಟರ್ ಅಂತ ನಡಗಾಕತ್ತೈತಿ.”

ಕನ್ನಡಿಯಲ್ಲಿ ನೋಡಿದೆ. ಅವಳ ಕಂಕುಳಿನಾಚೆ ಬಾಲದ ಪಟ್ಟಿ ಥರಥರ ಅದುರುತ್ತಿತ್ತು. ಎಳ್ಳಮಾಸಿಯ ದಿನ ಕೇಳಿದ್ದ ಅದೇ ಶಬ್ದ. ಗಾಡಿ ನಿಧಾನ ಮಾಡಿದೆ, ಶಬ್ದ ನಿಂತಿತು. ಜೋರು ಮಾಡಿದೆ, ಮತ್ತೆ ಬಂತು.

“ನಿಮ್ಮ ಕೈ ಎರಡೂ ಹ್ಯಾಂಡಲ್ ಮ್ಯಾಲೆ ಅದಾವ” ಅಂದಳು ಕರೆಮ್ಮ, ನನ್ನ ಕಿವಿಯ ಹತ್ತಿರ. “ರಿಮೋಟ್ ಚೀಲದಾಗ ಐತಿ. ಹಂಗಾದ್ರ ಇದನ್ನ ನಡಗಸಾಕತ್ತವರು ಯಾರು?”

ಗಾಡಿಯನ್ನು ಕಾಲುವೆಯ ಪಕ್ಕ ನಿಲ್ಲಿಸಿದೆ. ಬಾಲದ ಪಟ್ಟಿಯನ್ನು ಬೆರಳಿನಿಂದ ಎತ್ತಿ ಇಳಿಸಿದೆ. ಕಟಕ್, ಕಟಕ್. ಒಳಗಿನ ಮೋಟರಿನ ತೋಳು ಇದ್ದಲ್ಲೇ ಇತ್ತು. ತಂತಿಯೂ ಅಲುಗಲಿಲ್ಲ. ಪಟ್ಟಿ ಮಾತ್ರ ತನ್ನ ಪಾಡಿಗೆ ಅತ್ತ ಇತ್ತ ಆಡುತ್ತಿತ್ತು. ತಂತಿ ಸಿಕ್ಕಿಸುವ ತೂತು ನೋಡಿದೆ. ಗುಂಡಗೆ ಇರಬೇಕಾದದ್ದು ಗೋದಿ ಕಾಳಿನ ಹಾಗೆ ಉದ್ದವಾಗಿತ್ತು.

ಕಾಲುವೆಯ ಕಟ್ಟೆಯ ಮೇಲೆ ಕೂತೆ. ಕರೆಮ್ಮ ಗಿಡುಗನನ್ನು ಅವುಚಿಕೊಂಡೇ ಪಕ್ಕದಲ್ಲಿ ಕೂತಳು.

“ಮಾವನಂಗ ಆಗೈತಿ ಅನ್ಕೊಂಡಿದ್ರಿ, ಹೌದಿಲ್ಲ?”

“ನಿನಗ್ಯಾರು ಹೇಳಿದ್ರು?”

“ಅರ್ಧ ಲೋಟ ಚಾ ಹೇಳ್ತು. ಕೆಟ್ಟಿಲ್ಲದ ಬೆಸಗಿ ರಾಡು ಹೇಳ್ತು. ಮೊನ್ನಿ ಹೊಲದಾಗ ನಿಮ್ಮ ಬೆನ್ನು ಹೇಳ್ತು. ನೀವೊಬ್ರು ಹೇಳಲಿಲ್ಲ.”

“ನಿನಗ ಹೆದರಿಕಿ ಆಗ್ತಿತ್ತು.”

“ಈಗೇನ್ ಆಗಿರಲಿಲ್ಲೇನು? ಮಲಗಿದಾಗ ನಿಮ್ಮ ಕೈ ಹಿಡಕೊಂಡು ನೋಡ್ತಿದ್ದೆ. ಅದು ಸುಮ್ಮನ ಮಲಗಿರ್ತಿತ್ತು. ಆದ್ರೂ ಹೆದರಿಕಿ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾ ಕೇಳಿದ್ರ ನೀವು ಇನ್ನಾ ಮುಚ್ಚಿಡ್ತಿದ್ರಿ. ಅದಕ್ಕ ಸುಮ್ಮನಿದ್ದೆ.”

ಒಂದು ಆಟೋ ನಿಂತಿತು. ಒಳಗಿನಿಂದ ಯಾರೋ ಕೇಳಿದರು: “ಪಂಚರ್ ಆಗೈತೇನ್ರೀ?”

“ಆಗಿತ್ತು” ಅಂದಳು ಕರೆಮ್ಮ. “ಈಗ ಗಾಳಿ ತುಂಬೈತಿ. ನೀವು ನಡೀರಿ.”

ನನಗೆ ನಗು ಬಂತು. ನಕ್ಕೆ. ನಗುತ್ತಾ ನಗುತ್ತಾ ಕಣ್ಣು ಒದ್ದೆಯಾದವು. ಅವಳು ನೋಡಿದಳು. ನೋಡಿದರೆ ನೋಡಲಿ.

ಸಿಂಧನೂರಿನಲ್ಲಿ ವೀರೇಶ ಬಾಲದ ಕೀಲನ್ನು ಬೆರಳಿನಿಂದ ಒರೆಸಿ ನೋಡಿದ. ಬೆರಳು ಕಪ್ಪಾಯಿತು. ಮೂಸಿದ.

“ಕಾಕಾ, ಇದಕ್ಕ ಏನ್ ಹಚ್ಚೀರಿ?”

“ಹರಳೆಣ್ಣಿ. ದಿನಾ ಬಿಡ್ತೀನಿ, ಒಂದಿನಾನೂ ತಪ್ಪಿಸಿಲ್ಲ.”

ವೀರೇಶ ನಕ್ಕ ನಗೆಗೆ, ಫೋನ್ ರಿಪೇರಿಗೆ ಬಂದಿದ್ದವರು ತಮ್ಮ ಫೋನಿಗೆ ಏನಾಯಿತೋ ಎಂದು ಗಾಬರಿಯಾದರು. “ಯಪ್ಪಾ! ಬಂಡಿ ಕೀಲು ಕಬ್ಬಿಣರಿ ಕಾಕಾ, ಅದಕ್ಕ ಎಣ್ಣಿ ಬೇಕು. ಇದು ಪ್ಲಾಸ್ಟಿಕ್. ಎಣ್ಣಿಗೆ ನಿಮ್ಮ ಎರೆಮಣ್ಣಿನ ಧೂಳ ಅಂಟತೈತಿ. ಧೂಳ ಎಣ್ಣಿ ಕೂಡಿ ಸಾಣಿ ಹಿಡದಂಗ ಆಗೈತಿ. ಉಕ್ಕಿನ ತಂತಿ ದಿನಾ ತೂತು ತಿಂದೈತಿ. ನೀವ ಕೈಯಾರೆ ಅರದೀರಿ ಇದನ್ನ!”

ಅಂದರೆ ಬಾಲ ನಡುಗಿದಷ್ಟೂ ನಾನು ಎಣ್ಣೆ ಬಿಟ್ಟಿದ್ದೇನೆ, ಎಣ್ಣೆ ಬಿಟ್ಟಷ್ಟೂ ಬಾಲ ನಡುಗಿದೆ. ಅಪ್ಪನ ಎಣ್ಣೆ ಕೊಂಬು ಎಂಥ ಆಟ ಆಡಿಸಿತು ನನ್ನನ್ನು! ಅಪ್ಪನನ್ನು ನೆನೆದರೆ ಮೊದಲ ಸಲ ಹೆದರಿಕೆಯಾಗಲಿಲ್ಲ. ಅವನೂ ಇಲ್ಲಿದ್ದಿದ್ದರೆ ನಗುತ್ತಿದ್ದ ಅನ್ನಿಸಿತು.

ವೀರೇಶ ಹೊಸ ತೋಳು, ಬಾಲಕ್ಕೆ ಹೊಸ ಕೊಂಡಿ ಕೊಟ್ಟು, ಹೇಗೆ ಕೂಡಿಸಬೇಕೆಂದು ತೋರಿಸಿದ. “ಗಿಡಗ ನನಗ ಕೊಡಾಕ ಬಂದಿದ್ರಲ್ಲ?” ಎಂದು ಕಣ್ಣು ಮಿಟುಕಿಸಿದ. ಕರೆಮ್ಮನೇ ಉತ್ತರ ಕೊಟ್ಟಳು: “ನೋಡಾಕ ತಂದಿದ್ದೆವಪಾ. ನೋಡಿದಿ, ಮುಗೀತು.”

ಹೊರಗೆ ಬಂದ ಮೇಲೆ ಕೇಳಿದೆ, “ನಿನಗೇನೋ ಕೆಲಸ ಇತ್ತಲ್ಲ ಸಿಂಧನೂರಾಗ?”

“ಆತು ಅದು” ಅಂದಳು. ಬಸ್ ನಿಲ್ದಾಣದ ಮುಂದೆ ಮಿರ್ಚಿ ಭಜಿ ತಿಂದು ಬಂದೆವು.

೬ ಜನವರಿ, ಸೋಮವಾರ

ಅಂಗಡಿಯ ಮೇಜಿನ ಮೇಲೆ ಇಬ್ಬರೂ ಕೂತು ಗಿಡುಗನ ಕೀಲು ಕಟ್ಟಿದೆವು. ಮೊದಲು ಎಣ್ಣೆಯ ಗುರುತು ಇಲ್ಲದ ಹಾಗೆ ಸ್ಪಿರಿಟ್‌ನಿಂದ ಎಲ್ಲ ತೊಳೆದೆ. 

ಹಳೆಯ ತೋಳು ಕಿತ್ತು ಹೊಸದು ಕೂರಿಸಿದೆ. ಅದನ್ನು ಹಿಡಿಯುವ ಸಣ್ಣ ಸ್ಕ್ರೂ ಕೂಡ ಸಡಿಲವಾಗಿತ್ತು, ಬಿಗಿದೆ. ಹೊಸ ತೋಳಿನ ತೂತು ತಂತಿಗಿಂತ ಕೂದಲೆಳೆಯಷ್ಟು ಸಣ್ಣದು. ಕರೆಮ್ಮ ಹೊಲಿಗೆಯ ಸೂಜಿಯಿಂದ ಅದನ್ನು ತಿರುವಿ ತಿರುವಿ, ತಂತಿ ಬಿಗಿಯಾಗಿ ಹೋಗುವಷ್ಟು ಮಾತ್ರ ಬಿಡಿಸಿದಳು. ತೋಳಿನ ಕಡೆ ಒಳಗಿನ ತೂತಿಗೆ, ಬಾಲದ ಕೊಂಡಿಯ ಕಡೆ ಹೊರಗಿನ ತೂತಿಗೆ ತಂತಿ ಸಿಕ್ಕಿಸಬೇಕೆಂದು ವೀರೇಶ ಹೇಳಿದ್ದ. ಹಾಗೆ ಮಾಡಿದರೆ ಉಳಿದ ಅಷ್ಟಿಷ್ಟು ಸಡಿಲವೂ ಬಾಲಕ್ಕೆ ತಟ್ಟುವುದಿಲ್ಲವಂತೆ. ಉದ್ದನೆಯ ತಂತಿ ನಡುವೆ ಬಾಗುತ್ತಿತ್ತು. ಖಾಲಿ ರೀಫಿಲ್ ತುಂಡೊಂದನ್ನು ಗಿಡುಗನ ಮೈಗೆ ಅಂಟಿಸಿ ಅದರೊಳಗಿಂದ ತಂತಿ ಹಾಯಿಸಿದೆ, ಬಾಗುವುದು ನಿಂತಿತು. ತಂತಿಯನ್ನು ಬಾಲದ ಕೊಂಡಿಗೆ ಹಿಡಿಸುವ ಕ್ಲಿಪ್ಪು ಬಿಚ್ಚಿಕೊಳ್ಳದ ಹಾಗೆ ಸೈಕಲ್ಲಿನ ವಾಲ್‌ಟ್ಯೂಬಿನ ರಬ್ಬರ್ ತುಂಡನ್ನು ಅದಕ್ಕೆ ತೊಡಿಸಿದೆವು, ಉಂಗುರ ತೊಡಿಸಿದ ಹಾಗೆ.

ಮೋಟರಿನ ತೋಳು ಗಟ್ಟಿ ಹಿಡಿದು ಬಾಲ ಅಲುಗಿಸಿದೆ. ಶಬ್ದವಿಲ್ಲ.

ಆಮೇಲೆ ಒಂದು ಹಾಳೆ ತೆಗೆದು ಕರೆಮ್ಮನ ಅಂಗೈ ಮೇಲೆ ಇಟ್ಟೆ.

“ಏನಿದು?”

“ಸುಮ್ಮನ ಹಿಡಿ.”

ಅವಳ ಕೈಯಲ್ಲಿಯೂ ಹಾಳೆಯ ಅಂಚು ನಡುಗಿತು. ಯಾಕೆ ನಗುತ್ತೀರಿ ಎಂದು ಕೇಳಿದಳು. ದಿನಾ ಮುಂಜಾನೆ ನಾನು ಮಾಡುತ್ತಿದ್ದ ಪರೀಕ್ಷೆಯನ್ನು ಹೇಳಿದೆ. ಅವಳು ಆ ಹಾಳೆಯಿಂದಲೇ ನನ್ನ ತಲೆಗೆ ಹೊಡೆದಳು.

ಸಂಜೆ, ವಾಪಸ್ ಕಳಿಸಿದ್ದ ಆಂಪ್ಲಿಫೈರ್ ಎರಡನ್ನೂ ತರಿಸಿಕೊಂಡು ಬೆಸೆದು ಕೊಟ್ಟೆ.

೭ ಜನವರಿ, ಮಂಗಳವಾರ

ಹಾರಿತು! ಮುಂಜಾನೆಯ ಮಂಜಿನಲ್ಲಿ ಯಂಕೋಬಣ್ಣನ ಹೊಲದ ಮೇಲೆ, ದಾರ ಹಿಡಿದು ಗೆರೆ ಎಳೆದ ಹಾಗೆ. ಎರಗಿಸಿದೆ, ಎತ್ತಿದೆ, ಮತ್ತೆ ಎರಗಿಸಿದೆ. ಬಾಲ ಉಸಿರೆತ್ತಲಿಲ್ಲ. ಗುಬ್ಬಿಯ ಹಿಂಡು ಜೋಳದಿಂದ ಎದ್ದು, ಕಂಬಳಿ ಕೊಡವಿದ ಹಾಗೆ ಪಕ್ಕದ ಹೊಲ ದಾಟಿ ಹೋಯಿತು. ಕರೆಮ್ಮ ಬದುವಿನಿಂದ ಕೂಗುತ್ತಿದ್ದಳು: “ಎಡಕ್ಕ! ಎಡಕ್ಕ ಇನ್ನಾ ಕುಂತಾವ್ರಿ!” ನಾಳೆ ಅವಳಿಗೂ ಒಂದು ಕಡ್ಡಿ ಹಿಡಿಯಲು ಕೊಡಬೇಕು.

“ಸೆರೆ ಬಿಡ್ತೇನಲೇ ನಿನ್ನ ಗಿಡಗ?” ಅಂದ ಯಂಕೋಬಣ್ಣ.

“ಎಣ್ಣಿ ಬಿಡ್ತಣ್ಣ.”

೧೨ ಜನವರಿ, ಭಾನುವಾರ

ಇವತ್ತು ಯಂಕೋಬಣ್ಣನ ಹೊಲದಲ್ಲಿ ಸೀತೆನಿ ತಿನ್ನಲು ಕೂಡಿದ್ದೆವು. ಕುಳ್ಳಿನ ಕೆಂಡದಲ್ಲಿ ಎಳೆಯ ತೆನೆ ಸುಟ್ಟು, ಬಡಿದು, ಬಿಸಿ ಕಾಳಿಗೆ ಬೆಲ್ಲ, ಶೇಂಗಾಹಿಂಡಿ. ತಿನ್ನುವ ಬಾಯಿಗೆ ಕಥೆಯೂ ಬೇಕು. ಗಿಡುಗನಿಗೆ ಏನು ಔಷಧ ಮಾಡಿದೆ ಎಂದು ಯಾರೋ ಕೇಳಿದರು. ಸರಿ, ಇದ್ದದ್ದನ್ನೇ ಕಥೆ ಮಾಡಿ ಹೇಳಿದೆ. ಬಾಲ ನಡುಗಿದ್ದು, ನನ್ನ ಕೈಗೆ ಅಪ್ಪನ ರೋಗ ಬಂತೆಂದು ಹೆದರಿದ್ದು, ಅರ್ಧ ಲೋಟ ಚಹಾ, ಸುಳ್ಳು ಹೇಳಿಸಿಕೊಂಡ ಬೆಸುಗೆ ರಾಡು, ಫ್ಯಾನ್ ಆರಿಸಿ ಹಾಳೆ ನೋಡಿದ್ದು, ಹರಳೆಣ್ಣೆ. ಅಲ್ಲಲ್ಲಿ ಕರೆಮ್ಮ ನನ್ನನ್ನು ತಡೆದು ತಿದ್ದುತ್ತಿದ್ದಳು, ಅದಕ್ಕೆ ಇನ್ನೂ ಹೆಚ್ಚು ನಗು. ಒಬ್ಬಳಂತೂ ಕಾಳು ನೆತ್ತಿಗೆ ಹತ್ತಿ ಕೆಮ್ಮಿ ಸಾಕಾದಳು.

ಯಂಕೋಬಣ್ಣ ಮಾತ್ರ ನಗಲಿಲ್ಲ. ಚೇಷ್ಟೆಯ ಒಂದು ಮಾತೂ ಆಡಲಿಲ್ಲ. ಮಂದಿ ಚದುರಿದ ಮೇಲೆ, ಗಾಡಿಯ ತನಕ ನನ್ನ ಹಿಂದೆ ಬಂದ.

“ತಮ್ಮಾ, ಒಂದೀಟ್ ನಿಲ್ಲು.”

ಹೆಗಲ ಟವೆಲಿನ ಕೆಳಗಿನಿಂದ ಬಲಗೈ ತೆಗೆದು ನನ್ನ ಮುಂದೆ ಚಾಚಿದ. ಅದು ನಡುಗುತ್ತಿತ್ತು. ಹಾಳೆ ಇಟ್ಟು ನೋಡುವ ಅವಶ್ಯಕತೆಯೇ ಇರಲಿಲ್ಲ.

“ಇದಕ್ಕ ಯಾವ ಕೀಲು ಬದಲಿಸ್ತೀ?” ಅಂದ. ನಗಲು ನೋಡಿದ, ಆಗಲಿಲ್ಲ. “ಕವಣಿ ಬೀಸಾಕ ಬರವಲ್ದು. ಕಲ್ಲು ಎಲ್ಲೋ ಹೋಗಿ ಬೀಳತೈತಿ. ಅದಕ್ಕ ನಿನ್ನ ಗಿಡಗನ್ನ ಕರಸಿದ್ದೆ. ಮಂದಿ ನನ್ನ ಕಡಿ ನೋಡಬಾರ್ದಂತ ಅದರ ಮ್ಯಾಲ ನಗಿ ಹಚ್ತಿದ್ದೆ. ಸಿಟ್ಟಾಗಬ್ಯಾಡ.”

“ಮನ್ಯಾಗ ಗೊತ್ತೈತೇನಣ್ಣ?”

“ಯಾರಿಗೂ ಗೊತ್ತಿಲ್ಲ.”

“ಅತ್ತಿಗಿಗೆ ಗೊತ್ತಿರತೈತಿ” ಅಂದೆ. “ನೀ ಹೇಳೋದನ್ನ ಕಾಯಾಕತ್ತಿರ್ತಾಳ.”

ಆಮೇಲೆ ಲಿಂಗಸುಗೂರಿಗೆ ನರದ ಡಾಕ್ಟರು ಸೋಮವಾರ ಬರುತ್ತಾರಂತೆ, ನಾನೂ ಬರುತ್ತೇನೆ ಎಂದೆ. ನಾಳೆ ಬೇಡ, ಹಬ್ಬ ಮುಗಿಯಲಿ ಅಂದ. ಆಗಲಿ ಎಂದು ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಹಿಡಿದಷ್ಟು ಹೊತ್ತು ಸುಮ್ಮನಿತ್ತು.

೨೦ ಜನವರಿ, ಸೋಮವಾರ

ಯಂಕೋಬಣ್ಣ ಒಗೆದ ಪಂಚೆ ಉಟ್ಟು ಬೆಳಿಗ್ಗೆಯೇ ತಯಾರಾಗಿದ್ದ. ಹೆಂಡತಿಗೆ ಹೇಳಿದನಂತೆ. “ನೀ ಅಂದಂಗ ಆತಲೇ. ಒಂದ್ ವರ್ಷದಿಂದ ಗೊತ್ತಿತ್ತಂತ ಆಕಿಗೆ” ಅಂದ, ಗಾಡಿ ಹತ್ತುತ್ತಾ.

ಲಿಂಗಸುಗೂರಿನಲ್ಲಿ ಜನ ಬಹಳ ಇದ್ದರು. ನಮ್ಮ ಸರದಿ ಬಂದಾಗ ಡಾಕ್ಟರು ಅವನ ಕೈ ಚಾಚಿಸಿದರು, ಮಡಿಸಿದರು, ಸುರುಳಿ ಬರೆಸಿದರು, ಬಾಗಿಲವರೆಗೆ ನಡೆಸಿದರು. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಅವನ ಸೋದರಮಾವನಿಗೆ ಇತ್ತಂತೆ. ಕೊನೆಗೆ ಹೇಳಿದರು: ಇದು ಕೈ ನಡುಗುವ ಒಂದು ಬಗೆ, ಬಹಳ ಮಂದಿಗೆ ಇರುತ್ತದೆ, ನೀವು ಹೆದರಿದ ರೋಗದ ಗುರುತು ಇದರಲ್ಲಿ ಕಾಣುತ್ತಿಲ್ಲ. ಗುಳಿಗೆ ಇದೆ. ಪೂರ್ತಿ ನಿಲ್ಲದಿದ್ದರೂ ಕಡಿಮೆಯಾಗುತ್ತದೆ. ತಿಂಗಳು ಬಿಟ್ಟು ಬನ್ನಿ.

ಯಂಕೋಬಣ್ಣ ಎದ್ದು ನಿಂತವನು ಮತ್ತೆ ಕೂತ. “ಇನ್ನೊಮ್ಮಿ ಹೇಳ್ರಿ ಸಾಹೇಬ್ರ” ಅಂದ. ಅವರು ಇನ್ನೊಮ್ಮೆ ಹೇಳಿದರು.

“ನಿಮಗೇನು ತೊಂದರೆ?” ಎಂದು ಡಾಕ್ಟರು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯಂಕೋಬಣ್ಣ, “ಇವಂದು ವಿಮಾನದ ಕೀಲು ಸಡಲಾಗಿತ್ರಿ, ಈಗ ಆರಾಮ ಅದಾನ” ಅಂದ. ಡಾಕ್ಟರಿಗೆ ಏನೂ ತಿಳಿಯಲಿಲ್ಲ. ಬಂದದ್ದಕ್ಕೆ ಇರಲಿ ಎಂದು ನನ್ನ ಕೈಯನ್ನೂ ನೋಡಿದರು. ಏನೂ ಇಲ್ಲ, ಹೋಗಿ ಅಂದರು.

ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಅವನ ಬಾಯಿ ನಿಲ್ಲಲಿಲ್ಲ. ರಸ್ತೆ ಸರಿಯಿಲ್ಲ, ನಾನು ಗಾಡಿ ಓಡಿಸುವುದು ಸರಿಯಿಲ್ಲ, ಮುದಗಲ್ಲಿನ ಬಸ್ಸಿನವನಿಗೆ ಬುದ್ಧಿಯಿಲ್ಲ. ಮಸ್ಕಿ ಹತ್ತಿರ ಬಂದಾಗ ಮಾತ್ರ ದನಿ ತಗ್ಗಿಸಿದ.

“ತಮ್ಮಾ, ಎಲ್ಲಿಗೆ ಹೋಗಿದ್ರಿ ಅಂತ ಮಂದಿ ಕೇಳಿದ್ರ ಏನ್ ಹೇಳ್ತೀ?”

“ನೀ ಏನ್ ಹೇಳಂತೀ ಅದನ್ನ ಹೇಳ್ತೀನಣ್ಣ.”

ಬಸ್ ನಿಲ್ದಾಣದ ಮುಂದೆ ಯಾರೋ ಅವನನ್ನು ಗುರುತು ಹಿಡಿದು ಕೂಗಿದರು. ಯಂಕೋಬಣ್ಣ ಟವೆಲಿನ ಕೆಳಗಿನಿಂದ ಬಲಗೈ ತೆಗೆದು ಎತ್ತರಕ್ಕೆ ಎತ್ತಿದ್ದು ನನಗೆ ಕನ್ನಡಿಯಲ್ಲಿ ಕಂಡಿತು. ಅದು ನಡುಗುತ್ತಲೇ ಇತ್ತು. ಆದರೂ ಕೂಗಿದವರು ಕಣ್ಣಿಗೆ ಮರೆಯಾಗುವವರೆಗೂ ಅವನು ಅದನ್ನು ಕೆಳಗೆ ಇಳಿಸಲಿಲ್ಲ.